ಕೆಮ್ಮಣ್ಣು ಹಿಡಿಯದ ಗೋಡೆ

ಹಳೆಯ ಕಾಲ ಚೆನ್ನಾಗಿತ್ತು ಎನ್ನುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಯಾರಿಗೆ? ಲಾ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಪ್ರಶ್ನೆ ಕೇಳಿ ಸಾಕಷ್ಟು ಬಹುಮಾನ ತಂದಿದ್ದೇನೆ. ನಮ್ಮಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮದಾದದ್ದು ಭೂಸುಧಾರಣೆ ಬಂದ ಮೇಲೆ. ಅದಕ್ಕಿಂತ ಹಿಂದಿನ ಕಾಲವೆಂದರೆ ನಮ್ಮವರು ಒಡೆಯರ ಅಂಗಳದ ಅಂಚಿನಲ್ಲಿ ನಿಂತು ಭತ್ತ ಅಳೆದುಕೊಟ್ಟು ಬರುತ್ತಿದ್ದ ಕಾಲ. ಅದು ಮರಳಿ ಬರಲಿ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಅತ್ತಿಗೆ ಬರುವವರೆಗೆ.

ಅತ್ತಿಗೆ ತೀರ್ಥಹಳ್ಳಿ ಕಡೆಯವಳು, ಕವಲೇದುರ್ಗದ ಬುಡದ ಊರು. ನಮ್ಮ ಮನೆ ಇರುವುದು ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ. ಅತ್ತಿಗೆ ಓದಿದ್ದು ಬಿ.ಕಾಂ., ಉಡುವುದು ಮಾತ್ರ ಅವಳ ಅಜ್ಜಿಯ ಹಾಗೆ. ಸೆರಗನ್ನು ಭುಜದ ಮೇಲೆ ಗಂಟು ಹಾಕಿ ನಿಲ್ಲಿಸುವ ಗೊಬ್ಬೆ ಸೀರೆ, ಅದಕ್ಕೆ ಹಳೆಯ ಫೋಟೋಗಳಲ್ಲಿ ಕಾಣುವಂಥ ಪಫ್ ಕೈಯಿನ ರವಿಕೆ. ಬಟ್ಟೆ ಹೆಗ್ಗೋಡು ಕಡೆಯ ಕೈಮಗ್ಗದ್ದು, ಹೊಲಿಗೆ ಕೈಯಲ್ಲಿ ತಿರುಗಿಸುವ ಮಿಷನ್ನಿನಲ್ಲಿ ಅವಳೇ ಹಾಕಿದ್ದು. ಮದುವೆಯಾಗಿ ಬಂದ ಹೊಸದರಲ್ಲೇ ಅಟ್ಟದಿಂದ ಕಂಚಿನ ತಟ್ಟೆ, ತಾಮ್ರದ ಚೆಂಬುಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಹಿತ್ತಿಲಿನ ಮೂಲೆ ಸೇರಿದ್ದ ಒರಳುಕಲ್ಲನ್ನು ತೊಳೆದಳು. ಮನೆಗೆ ಮಿಕ್ಸಿ ಬರಲಿ ಎಂದು ವರ್ಷಗಟ್ಟಲೆ ಕಾದಿದ್ದ ಅಮ್ಮ, ಸೊಸೆ ಒರಳು ತೊಳೆಯುವುದನ್ನು ನೋಡಿದವಳೇ ಒಳಗೆ ಹೋದಳು.

ನಾನು ಸುಮ್ಮನಿರುವ ಜಾತಿಯವಳಲ್ಲ. ಒರಳು ಬೇಕು, ಆದರೆ ಪಕ್ಕದಲ್ಲೇ ಫ್ರಿಜ್ಜೂ ಇದೆ. ಅದಕ್ಕೆ ಕಸೂತಿ ಹಾಕಿದ ಪರದೆ ಬಿಟ್ಟರೆ ಅದು ಕರೆಂಟು ಕುಡಿಯುವುದು ನಿಲ್ಲುತ್ತದೆಯೇ ಎಂದು ಕೇಳಿದೆ. ಗೊಬ್ಬೆ ಉಟ್ಟ ಅಜ್ಜಿಯರು ಮಂಡಿಯವರೆಗೆ ಕೆಸರಿನಲ್ಲಿ ನಿಂತು ನಟ್ಟಿ ಮಾಡುತ್ತಿದ್ದರು, ನೀನು ಅದನ್ನುಟ್ಟು ರೀಲ್ ಮಾಡುತ್ತೀಯ ಎಂದೆ. ಅವಳ ರೀಲುಗಳಿಗೆ ತುಂಬಾ ಜನ ನೋಡುಗರಿದ್ದರು. ಒರಳಲ್ಲಿ ರುಬ್ಬುವುದು, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು, ಬುಟ್ಟಿಗೆ ಸಗಣಿ ಬಳಿದು ಒಣಗಿಸುವುದು. ಅತ್ತಿಗೆ ನನ್ನ ಮಾತಿಗೆಲ್ಲ ನಗುತ್ತಿದ್ದಳು. ಉತ್ತರ ಕೊಡುತ್ತಿದ್ದವನು ಅಣ್ಣ.

“ಲಾಯರಮ್ಮ, ನೀ ಹೇಳದೆಲ್ಲ ಸರಿ ಮಾರಾಯ್ತಿ. ಈಗ ಊಟಕ್ಕೆ ಬಾ, ಸಾರು ಆರ್ತದೆ.”

ಸಾರು ಒರಳಿನದ್ದು. ಚೆನ್ನಾಗಿರುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ತೊಂದರೆಯಿರಲಿಲ್ಲ. ರುಚಿ ಬೇರೆ, ವಾದ ಬೇರೆ.

ಅಣ್ಣ ಹೋದದ್ದು ಮಂಗನ ಕಾಯಿಲೆಯಲ್ಲಿ. ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗಿದ್ದ, ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಮನೆಗೆ ತಂದೆವು. ಇದಕ್ಕಿಂತ ಉದ್ದವಾಗಿ ಅದನ್ನು ಹೇಳಲು ನನಗೆ ಈಗಲೂ ಬರುವುದಿಲ್ಲ. ಬಂದವರೆಲ್ಲ ನಾನು ಅಳುತ್ತೇನೆಂದು ಕಾಯುತ್ತಿದ್ದರು. ನಾನು ಬಂದವರಿಗೆ ಕಾಫಿ ಕೊಡುತ್ತಿದ್ದೆ. ಆಮೇಲೆ ಸಾಗರದಲ್ಲಿ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದೆ, ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಕಿಟಕಿಯಾಚೆ ಏನಿತ್ತು ಎಂದು ಕೇಳಿದರೆ ಆ ಒಂದು ವರ್ಷದ ಮಟ್ಟಿಗೆ ನನ್ನ ಹತ್ತಿರ ಉತ್ತರವಿಲ್ಲ.

ಅತ್ತಿಗೆ ತವರಿಗೆ ಹೋಗಲಿಲ್ಲ. ರೀಲ್ ಮಾಡುವುದನ್ನು ಬಿಟ್ಟಳು, ಉಳಿದದ್ದನ್ನು ಬಿಡಲಿಲ್ಲ. ಹೂವು, ಕುಂಕುಮ ಹೋದವು. ಗೊಬ್ಬೆ ಸೀರೆ ಹಾಗೇ ಇತ್ತು. ಬೆಳಿಗ್ಗೆ ಒರಳು, ಮಧ್ಯಾಹ್ನ ಕೌದಿ. ಹಳೆಯ ಕಾಲದ ಕೆಲಸಗಳಿಗೆ ಒಂದು ಗುಣವಿದೆ, ಅವು ಬೇಗ ಮುಗಿಯುವುದಿಲ್ಲ. ಅವುಗಳ ಪರವಾಗಿ ನಾನು ಕೇಳಿದ ವಾದಗಳಲ್ಲಿ ನಿಂತದ್ದು ಇದೊಂದೇ, ಅದನ್ನೂ ಅವಳು ಬಾಯಿಬಿಟ್ಟು ಹೇಳಿದ್ದಲ್ಲ.

ಗೋಡೆಯ ವಿಷಯಕ್ಕೆ ಬರುತ್ತೇನೆ. ನಮ್ಮವರ ಮನೆಗಳಲ್ಲಿ ಮದುವೆಯೆಂದರೆ ಒಳಜಗುಲಿಯ ಗೋಡೆಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳಿಯಲ್ಲಿ ಹಸೆ ಬರೆಯುತ್ತಾರೆ. ಉದ್ದುದ್ದ ಎಳೆಗಳ ಚೌಕ, ಚೌಕದೊಳಗೆ ಚಿತ್ತಾರ, ನಡುವೆ ಗಂಡು ಹೆಣ್ಣಿನ ಎರಡು ಗೊಂಬೆ. ಮದುಮಕ್ಕಳು ಅದರ ಮುಂದೆ ಕೂರುತ್ತಾರೆ. ಮನೆಯಲ್ಲಿ ಇನ್ನೊಂದು ಮದುವೆ ಬರುವವರೆಗೆ ಅದು ಅಲ್ಲೇ ಇರುತ್ತದೆ. ಬಂದಾಗ ಅದರ ಮೇಲೇ ಮತ್ತೆ ಕೆಮ್ಮಣ್ಣು ಬಳಿದು ಹೊಸದನ್ನು ಬರೆಯುತ್ತಾರೆ. ಹಳೆಯದನ್ನು ಯಾರೂ ಅಳಿಸುವುದಿಲ್ಲ, ಅದು ಒಳಗೆ ಹೋಗುತ್ತದೆ ಅಷ್ಟೆ. ನಮ್ಮ ಗೋಡೆಯೊಳಗೆ ಅಮ್ಮ ಈ ಮನೆಗೆ ಬಂದಾಗ ಬರೆದದ್ದಿದೆ, ಅದರೊಳಗೆ ಅಜ್ಜಿ ಬಂದಾಗಿನದು. ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದದ್ದು ಅಣ್ಣ ಅತ್ತಿಗೆಯ ಮದುವೆಯದು.

ಅಣ್ಣ ಹೋದ ಮೇಲಿನ ಮಳೆಗಾಲದಲ್ಲಿ ಅದರ ಬಿಳಿ ಉದುರತೊಡಗಿತು. ಒಲೆಯ ಹೊಗೆಯೂ ಹಿಡಿಯುತ್ತಿತ್ತು. ಒಂದು ದಿನ ಅತ್ತಿಗೆ ಸಾಗರದಿಂದ ವಾರ್ನಿಷ್ ಡಬ್ಬಿ ತಂದಳು. ಹೋಂಸ್ಟೇಯವರು ಕರೆದರೆ ಹೋಗಿ ಅವರ ಗೋಡೆಗಳಿಗೆ ಚಿತ್ತಾರ ಬರೆದುಕೊಡುವ ಕೆಲಸ ಅವಳಿಗೆ ಮೊದಲಿನಿಂದಲೂ ಇತ್ತು. ಬಂದವರ ಕೈ ತಾಗಿ ಬಣ್ಣ ಹೋಗಬಾರದೆಂದು ಅಲ್ಲಿ ಅದರ ಮೇಲೆ ವಾರ್ನಿಷ್ ಹಚ್ಚುತ್ತಾರೆ. ಅದೇ ಬಗೆಯದನ್ನು ನಮ್ಮ ಹಸೆಗೂ ಹಚ್ಚಿದಳು. ಗೋಡೆ ಹೊಳೆಯಿತು. ಬಿಳಿ ಉದುರುವುದು ನಿಂತಿತು. ಅಮ್ಮ ನೋಡಿದಳು, ಬೇಡ ಎನ್ನಲಿಲ್ಲ. ಮನೆಯಲ್ಲಿ ಆಗ ಯಾರೂ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ.

ವರ್ಷಾಂತಿಕ ಕಳೆದ ಮೇಲೆ ನನ್ನ ಮದುವೆಯ ಮಾತು ಬಂತು. ಹುಡುಗ ಇಕ್ಕೇರಿ ಹತ್ತಿರದವನು, ಕೋರ್ಟಿನಲ್ಲೇ ಪರಿಚಯ. ಇಬ್ಬರೂ ರಿಜಿಸ್ಟರ್ ಮದುವೆ ಎಂದುಕೊಂಡಿದ್ದೆವು. ಆಗಲಿ, ಮನೆಯಲ್ಲಿ ಹಸೆಗೆ ಕೂತು ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕಿ ಎಂದಳು ಅಮ್ಮ. ಆ ಮನೆಯಲ್ಲಿ ಆ ಹೊತ್ತಿಗೆ ವಾದ ಹೂಡುವಷ್ಟು ಹುರುಪು ನನಗಿರಲಿಲ್ಲ. ಒಪ್ಪಿದೆ.

ಹಸೆ ತಾನೇ ಬರೆಯುತ್ತೇನೆ ಎಂದಳು ಅತ್ತಿಗೆ. ಅಣ್ಣ ಹೋದ ಮೇಲೆ ಅವಳು ತನಗೆ ಬೇಕು ಎಂದು ಕೇಳಿದ್ದು ಅದೊಂದನ್ನೇ. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆದರೆ ಮಾತು ದೊಡ್ಡಮ್ಮನ ಕಿವಿಗೆ ಬಿತ್ತು. ದೊಡ್ಡಮ್ಮ ಅಮ್ಮನ ಅಕ್ಕ, ನಮ್ಮ ಮನೆಯ ಮದುವೆ ಕಾರ್ಯಗಳಿಗೆಲ್ಲ ಪದ್ಧತಿ ಹೇಳುವವಳು. ಬಂದು ಕೂತು, ಎಲೆ ಅಡಿಕೆ ಹಾಕಿಕೊಂಡು, ಈ ಸಲ ಹಸೆ ಬರೆಯಲು ಯಾರನ್ನು ಕರೆಸುತ್ತೀರಿ ಎಂದಳು. ಅತ್ತಿಗೆ ಅಡುಗೆಮನೆಯಲ್ಲೇ ಇದ್ದಳು, ಕೇಳುತ್ತಿತ್ತು. ಹಸೆ ಮುತ್ತೈದೆಯರು ಬರೆಯುವುದು ಎಂಬುದು ದೊಡ್ಡಮ್ಮನ ಒಟ್ಟು ಮಾತು.

ಸತ್ತುಹೋಗಿದ್ದ ಹುರುಪು ಅಲ್ಲಿ ಸ್ವಲ್ಪ ಎದ್ದಿತು. ಅತ್ತಿಗೆ ಬರೆದ ಚಿತ್ತಾರ ಊರಿನ ಹೋಂಸ್ಟೇಗಳ ಗೋಡೆಯಲ್ಲೆಲ್ಲ ಇದೆ, ಅಲ್ಲಿ ಆಗುವುದು ಇಲ್ಲಿ ಯಾಕಾಗುವುದಿಲ್ಲ ಎಂದು ಕೇಳಿದೆ.

“ಅದು ಹೋಂಸ್ಟೇ ಗೋಡೆ ಮಾರಾಯ್ತಿ,” ಎಂದಳು ದೊಡ್ಡಮ್ಮ. “ಅಲ್ಲಿ ಯಾರು ಮದ್ವೆ ಆಗ್ತಾರೆ?”

“ಅಲ್ಲೇ ಈಗ ಎಲ್ಲರ ಮದ್ವೆ ಫೋಟೋ ತೆಗಿಯದು ದೊಡ್ಡಮ್ಮ. ನಿಮ್ಮ ಮೊಮ್ಮಗಳದ್ದೂ ಅಲ್ಲೇ ತೆಗ್ದಿದ್ದು. ಹಿಂದಿರೋ ಗೋಡೆ ಯಾರು ಬರ್ದಿದ್ದು ಅಂತ ಹೇಳ್ಲಾ?”

ದೊಡ್ಡಮ್ಮ ಎಲೆ ಉಗಿಯಲು ಎದ್ದು ಹೋದಳು. ಸ್ಪರ್ಧೆಯಾಗಿದ್ದರೆ ಗಂಟೆ ಬಾರಿಸುತ್ತಿದ್ದರು. ಆದರೆ ಎದುರು ಪಕ್ಷಕ್ಕೆ ಇನ್ನೊಂದು ವಾದ ಬಾಕಿಯಿತ್ತು, ದೊಡ್ಡಮ್ಮನಿಗೆ ಹೊಳೆಯಲಿಲ್ಲ, ನನಗೆ ಹೊಳೆದಿತ್ತು. ಹಳೆಯ ಕಾಲದ ಒರಳು, ಸೀರೆ, ಕಂಚಿನ ತಟ್ಟೆ ಬೇಕು ಎಂದವಳಿಗೆ ಹಳೆಯ ಕಾಲ ವಿಧವೆಗೆ ಹಾಕಿದ ಗೆರೆ ಮಾತ್ರ ಯಾಕೆ ಬೇಡ? ಬೇರೆ ಯಾರಾದರೂ ಆಗಿದ್ದರೆ ನಾನೇ ಕೇಳುತ್ತಿದ್ದೆ.

ಅಡುಗೆಮನೆಗೆ ಹೋದಾಗ ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನೀ ಗೆದ್ದೆ ಅಂತ ನಾ ಬರಿಯದಲ್ಲ,” ಎಂದಳು. “ನಂಗೆ ಬರಿಬೇಕು ಅನ್ನಿಸ್ತದೆ. ಅದಕ್ಕೆ ಬರಿತೀನಿ.”

ಅದಕ್ಕೆ ಪರವೂ ಇಲ್ಲ, ವಿರೋಧವೂ ಇಲ್ಲ. ನಾನು ಮೊರದ ಇನ್ನೊಂದು ಬದಿಗೆ ಕೂತು ಕಲ್ಲು ಹೆಕ್ಕಿದೆ.

ಮದುವೆಯ ಹಿಂದಿನ ವಾರ ಅಪ್ಪ ಗುಡ್ಡದ ಬದಿಯಿಂದ ಕೆಮ್ಮಣ್ಣು ತಂದುಕೊಟ್ಟ. ಅತ್ತಿಗೆ ಅದನ್ನು ಜರಡಿ ಹಿಡಿದು, ನೆನೆಹಾಕಿ, ಬಟ್ಟೆಯ ಉಂಡೆಯಲ್ಲಿ ಅದ್ದಿ ಗೋಡೆಗೆ ಬಳಿದಳು. ಅಣ್ಣನ ಹಸೆಯ ಮೇಲಿನ ಮೂಲೆಯಿಂದ ಶುರು ಮಾಡಿದಳು. ನಾನು ಮಣ್ಣಿನ ಪಾತ್ರೆ ಹಿಡಿದು ನಿಂತಿದ್ದೆ. ಕೆಮ್ಮಣ್ಣು ಒಂದು ಕ್ಷಣ ನಿಂತಂತೆ ಕಂಡಿತು, ಆಮೇಲೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ಕೆಳಗಿಳಿಯಿತು. ಒರೆಸಿ ಮತ್ತೆ ಬಳಿದಳು. ಮತ್ತೆ ಇಳಿಯಿತು. ಮಣ್ಣು ಗಟ್ಟಿ ಕಲಸಿ, ಅದಕ್ಕೆ ಸಗಣಿ ಸೇರಿಸಿ ನೋಡಿದಳು. ಸಂಜೆಯ ಹೊತ್ತಿಗೆ ಅದು ಒಣಗಿ, ಹಪ್ಪಳದ ಹಾಗೆ ಎದ್ದು, ನೆಲಕ್ಕೆ ಬಿತ್ತು. ಹಿಂದಿನಿಂದ ಅಣ್ಣನ ಹಸೆ ಹೊಳೆಯುತ್ತಾ ಮತ್ತೆ ಕಾಣಿಸಿತು. ವಾರ್ನಿಷ್ ಅದನ್ನು ಅಷ್ಟು ಚೆನ್ನಾಗಿ ಕಾಪಾಡಿತ್ತು.

ನಾನು ಪಕ್ಕದ ಗೋಡೆಗೆ ಬರೆಯೋಣ ಎಂದೆ, ಇಲ್ಲವೇ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ತಂದು ನಿಲ್ಲಿಸೋಣ. ಎಷ್ಟೋ ಮನೆಯಲ್ಲಿ ಈಗ ಹಾಗೇ ಮಾಡುತ್ತಾರೆ. ಹೇಳುವಾಗಲೇ ಅದು ಕೇವಲ ಅನುಕೂಲದ ಮಾತು ಎಂದು ನನಗೆ ಗೊತ್ತಿತ್ತು. ಅಮ್ಮ ಅತ್ತಿಗೆಯ ಮುಖ ನೋಡಿದಳು. ಈ ಗೋಡೆಯೇ ಆಗಬೇಕು ಎಂಬ ಹಟ ಅಮ್ಮನಿಗೆ ಉಳಿದಿರಲಿಲ್ಲ. “ಬೇಡ ಬಿಡು, ಇರ್ಲಿ ಅದು ಹಂಗೇ” ಎಂದಳು. ಬಿಟ್ಟುಬಿಡಲು ಅತ್ತಿಗೆಗೆ ಅದು ಸಾಕಿತ್ತು. ಹಸೆ ಬರೆಯುವುದಕ್ಕೆ ದೊಡ್ಡಮ್ಮ ಆಗಲಿ ಶಾಸ್ತ್ರ ಆಗಲಿ ಅಡ್ಡ ಬಂದಿಲ್ಲ, ಗೋಡೆಯೇ ಬೇಡ ಅಂದಿತು ಎನ್ನಬಹುದಿತ್ತು.

ಮರುದಿನ ಬೆಳಿಗ್ಗೆ ನಾನು ಏಳುವಾಗ ಕೆರೆಯುವ ಶಬ್ದ ಕೇಳುತ್ತಿತ್ತು. ಅತ್ತಿಗೆ ಗಾರೆ ಕರಣೆ ಹಿಡಿದು ವಾರ್ನಿಷ್ ಕೆರೆಯುತ್ತಿದ್ದಳು. ವಾರ್ನಿಷ್ ಒಂದೇ ಬರುವುದಿಲ್ಲ, ಕೆಳಗಿನ ಬಿಳಿಯನ್ನೂ ಕೆಂಪನ್ನೂ ಕಚ್ಚಿಕೊಂಡೇ ಬರುತ್ತದೆ. ಹಳೆಯ ಹಸೆಗಳೆಲ್ಲ ಗೋಡೆಯೊಳಗೆ ಹೋಗಿವೆ; ಅಣ್ಣನದು ಮಾತ್ರ ಚಕ್ಕೆ ಚಕ್ಕೆಯಾಗಿ ಹೊರಗೆ ಬೀಳುತ್ತಿತ್ತು. ಮಧ್ಯದ ಗೊಂಬೆಗಳ ಹತ್ತಿರ ಬಂದಾಗ ನಾನು ಕರಣೆ ಕೊಡು, ನಾನು ಮಾಡುತ್ತೇನೆ ಎಂದೆ. ಕೊಡಲಿಲ್ಲ. ಒಂದೇ ಸಮನೆ ಕೆರೆದಳು, ದೋಸೆಕಾವಲಿ ಕೆರೆಯುವ ಹಾಗೆ. ಒಂದು ಕಡೆ ಕರಣೆ ಆಳಕ್ಕೆ ಹೋಗಿ ಒಳಗಿನ ಯಾವುದೋ ಬಿಳಿ ಎಳೆಯ ತುಂಡು ಕಂಡಿತು. ಅಮ್ಮನ ಕಾಲದ್ದೋ ಅಜ್ಜಿಯದೋ, ಅಮ್ಮ ಹತ್ತಿರ ಹೋಗಿ ನೋಡಿದರೂ ಗುರುತು ಹತ್ತಲಿಲ್ಲ. ಬಿದ್ದ ಚಕ್ಕೆಗಳನ್ನು ನಾನು ಗುಡಿಸಿದೆ. ಎಲ್ಲಿ ಹಾಕಲಿ ಎಂದು ಕೇಳಿದೆ. ಗೊಬ್ಬರದ ಗುಂಡಿಗೆ ಬೇಡ, ವಾರ್ನಿಷ್ ಇದೆ ಎಂದಳು. ಕೊನೆಗೆ ತೆಂಗಿನಕಟ್ಟೆಯಾಚೆ, ಒಡೆದ ಹೆಂಚು ಹಾಕುವ ಜಾಗದಲ್ಲಿ ಸುರಿದು ಬಂದೆ. ಅಳು ಈಗ ಬರಬಹುದು ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಬರಲಿಲ್ಲ. ಕೈ ತೊಳೆದುಕೊಂಡೆ.

ಮಧ್ಯಾಹ್ನ ಬಳಿದ ಕೆಮ್ಮಣ್ಣನ್ನು ಗೋಡೆ ಕುಡಿಯಿತು.

ಹಸೆಯ ಉದ್ದ ಎಳೆಗಳನ್ನು ಬರೆಯಲು ಇಬ್ಬರು ಬೇಕು. ಅಕ್ಕಿ ಬಿಳಿಯಲ್ಲಿ ಅದ್ದಿದ ದಾರವನ್ನು ಆ ತುದಿ ಈ ತುದಿ ಹಿಡಿದು ಗೋಡೆಗೆ ಒತ್ತಬೇಕು. ಅತ್ತಿಗೆ ಒಂದು ತುದಿ ಹಿಡಿದು ನನ್ನತ್ತ ನೋಡಿದಳು. ಮದುವಣಗಿತ್ತಿ ತನ್ನ ಹಸೆಯ ದಾರ ತಾನೇ ಹಿಡಿಯುವಂತಿಲ್ಲ ಎಂದು ಅಮ್ಮ ನನ್ನನ್ನು ಸರಿಸಿದಳು. ಆ ನಿಯಮ ನಿಜವಾಗಿ ಇತ್ತೋ, ಆಗಲೇ ಹುಟ್ಟಿತೋ, ನಾನು ಕೇಳಲಿಲ್ಲ. ಅಮ್ಮನೇ ಇನ್ನೊಂದು ತುದಿ ಹಿಡಿದಳು. ಸಂಜೆಯವರೆಗೂ ಅವರಿಬ್ಬರ ನಡುವೆ “ಇಳಿಸು”, “ಏರಿಸಿ ಅತ್ತೆ”, “ಒತ್ತು” ಬಿಟ್ಟರೆ ಬೇರೆ ಮಾತಿರಲಿಲ್ಲ. ಚೌಕದೊಳಗಿನ ಚಿತ್ತಾರ, ನಡುವಿನ ಗೊಂಬೆ ಎಲ್ಲವನ್ನೂ ಅತ್ತಿಗೆ ಪುಂಡಿನಾರಿನ ಕುಂಚದಲ್ಲಿ ಒಬ್ಬಳೇ ಬರೆದಳು.

ದೊಡ್ಡಮ್ಮ ಮದುವೆಯ ಮುನ್ನಾದಿನ ಬಂದವಳು ಚೀಲ ಕೆಳಗಿಡುವ ಮೊದಲೇ ಗೋಡೆ ನೋಡಿದಳು. ಯಾರು ಬರೆದದ್ದು ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಹೇಳಿದಳು:

“ನಮ್ಮನೇಲಿ ಬರಿಯೋರು ಇರೋದೇ ಇಬ್ರು ಅಕ್ಕ. ಇಬ್ರೂ ಬರ್ದಿದೀವಿ. ಕೈಕಾಲು ತೊಳ್ಕ, ಕಾಫಿ ಕೊಡ್ತೀನಿ.”

ದೊಡ್ಡಮ್ಮ ಕೈಕಾಲು ತೊಳೆಯಲು ಹೋದಳು.

ಮರುದಿನ ನಾವಿಬ್ಬರೂ ಹಸೆಯ ಮುಂದೆ ಕೂತೆವು. ಕೂತವರ ಬೆನ್ನು ಗೋಡೆಗಿರುತ್ತದೆ, ಹಾಗಾಗಿ ನನಗೆ ಕಂಡದ್ದು ಜನ ಮಾತ್ರ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆರತಿ ಎತ್ತುವವರ ಸಾಲಿಗೆ ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಮುಂದೆ ಬರಲಿಲ್ಲ. ಉಟ್ಟಿದ್ದು ಗೊಬ್ಬೆ ಸೀರೆಯೇ. ಅವಳು ನೋಡುತ್ತಿದ್ದದ್ದು ನಮ್ಮನ್ನಲ್ಲ, ನನ್ನ ತಲೆಯಿಂದ ಸ್ವಲ್ಪ ಮೇಲಕ್ಕೆ. ತುಂಬಾ ಹೊತ್ತು ಹಾಗೇ ನೋಡುತ್ತಿದ್ದಳು.

ಊಟದ ಹೊತ್ತಿಗೆ ಸಿಕ್ಕಾಗ ಏನು ನೋಡುತ್ತಿದ್ದೆ ಎಂದು ಕೇಳಿದೆ.

“ಮೇಲಿನ ಎಳೆ ಸ್ವಲ್ಪ ಸಡ್ಲ ಬಿದ್ದಿದೆ,” ಎಂದಳು. “ಅತ್ತೆಗೆ ಕೈ ಎತ್ತಕ್ಕೆ ಆಗ್ತಿರ್ಲಿಲ್ಲ.”