ಲ್ಯಾಬಿನ ಒಟಿಪಿ ಎಲ್ಲಿಗಿ ಹೋಯ್ತು ಅಂದ್ರ

ದೋಸ್ತರೇ, ಇವತ್ತಿನ ಫಜೀತಿ ಕೇಳ್ರಿ.

ಔರಾದದಾಗ ನಾ ಕೆಲಸ ಮಾಡೋ ರಕ್ತ ತಪಾಸಣಿ ಲ್ಯಾಬಿನಾಗ ಇವತ್ತಿಂದ ಹೊಸ ಪದ್ಧತಿ. ಖಾಸಗಿ ಮಾಹಿತಿ ಕಾಯೋ ಕಾನೂನು ಬಂದದಂತ, ಮೊದಲಿನಂಗ ರಿಪೋರ್ಟ್ ಲಿಫಾಫಿಯೊಳಗ ಹಾಕಿ ಬಸ್ ಕಂಡಕ್ಟರ್ ಕೈಯಾಗ ಊರಿಗಿ ಕಳಸಂಗಿಲ್ಲ. ಒಪ್ಪಿಗಿ ಕೇಳಿ ಪೇಶಂಟ್ ಫೋನಿಗಿ ಒಟಿಪಿ ಹೋಗ್ತದ, ಅದನ್ನ ಹೇಳಿದ್ರಷ್ಟೇ ರಿಪೋರ್ಟ್.

ಮೊದಲು ಬಂದಾಕಿ ಸಂತಪುರ ಕಡಿ ಒಂದು ಮನಿ ಸೊಸಿ. ಯಾವ ಟೆಸ್ಟ್ ಅಂತ ನೀವೂ ಕೇಳಬ್ಯಾಡ್ರಿ.

"ಅಕ್ಕಾ, ನಮ್ಮತ್ತಿಗಿ ಗೊತ್ತಾಗಬಾರದರಿ," ಅಂದಳು ಸಣ್ಣ ದನಿಲೆ.

"ಬೇಫಿಕರ್ ಇರವ್ವ, ಈಗ ಕಾನೂನೇ ಅದ," ಅಂತ ಬಟನ್ ಒತ್ತಿದೆ. "ಹೂಂ, ಒಟಿಪಿ ಹೇಳು."

"ಫೋನ್ ಅತ್ತಿ ಕಡಿ ಅದರಿ. ಮನ್ಯಾಗ ಇರೋದು ಅದೊಂದೇ."

ಅಷ್ಟರಾಗ ಲ್ಯಾಬಿನ ಫೋನ್ ಬಡಕೊಂತು. ಅತ್ತೀದೇ!

"ಸೊಸಿ ಹೆಸರು ಹಾಕಿ, ರಿಪೋರ್ಟ್ ಕೊಡಲಿಕ್ಕ ಒಪ್ಪಿಗಿ ಅದ ಏನಂತ ಮೆಸೇಜ್ ಹಾಕೀರಿ. ಆಕಿ ತವರಮನಿಗಂತ ಹೇಳಿ ಹೋಗ್ಯಾಳ. ನಂದು ಒಪ್ಪಿಗಿ ಅದರಿ. ಏನ್ ಬಂದದ ಹೇಳ್ರಿ?"

ಎದುರಿಗಿ ಸೊಸಿ ಬ್ಯಾಡ ಬ್ಯಾಡ ಅಂತ ತಲಿ ಅಲ್ಲಾಡಸ್ತಾಳ.

"ಹೇಳಲಿಕ್ಕ ಬರಲ್ಲರಿ ಅಮ್ಮಾ, ಕಾನೂನು ಅದ," ಅಂದೆ.

"ಹಾಂಗಾದ್ರ ನನಗ್ಯಾಕ ಕೇಳಿದ್ರಿ?"

ನಾ ಲಗೂನ ಫೋನ್ ಇಟ್ಟೆ.

ಸಂಜಿ ಬಸ್ಸಿಗಿ ಆಕಿ ರಿಪೋರ್ಟ್ ಇಲ್ದೇ ಊರಿಗಿ ಹೋದಳು. ಮನ್ಯಾಗ ಏನಾಗ್ಯದೋ ಏನೋ. ಒಂದು ಮಾತು ಫೋನ್ ಮಾಡಿ ವಿಚಾರಸೋಣಂದ್ರ, ನಮ್ಮ ಕಡಿ ಇರೋದು ಅದೇ ನಂಬರ್ರಿ!