ಹಾಡಿನ ವಕೀಲರ ಅನುಮಾನ

ಅವರ ಎಡಗಿವಿಯಲ್ಲಿ ಸದಾ ಒಂದು ಇಯರ್‌ಫೋನ್ ಇರುತ್ತಿತ್ತು, ಬಲಗಿವಿ ಖಾಲಿ. ಆ ಖಾಲಿ ಕಿವಿಯ ಮೇಲೆ ಬೆಳೆದಿದ್ದ ಬಿಳಿ ಕೂದಲನ್ನು ಬೆರಳಿನಿಂದ ತಿರುವುತ್ತ, ಕಣ್ಣು ಅರ್ಧ ಮುಚ್ಚಿ, ಎದುರಿಗೆ ಕೂತವರ ಮಾತು ಕೇಳುತ್ತಿದ್ದರು. ಎಡಗಿವಿ ಹಾಡಿಗೆ, ಬಲಗಿವಿ ಸುಳ್ಳಿಗೆ ಎಂದು ಕೋರ್ಟಿನವರು ನಗುತ್ತಿದ್ದರಂತೆ. ರಾಯಚೂರಿನ ಉಳಿದ ವಕೀಲರು ಹೊಲ, ಮನೆ, ಗಂಡ-ಹೆಂಡಿರ ಸೋಡಚೀಟಿಯ ದಾವೆಗಳಲ್ಲಿ ಮುಳುಗಿರುವಾಗ ಇವರೊಬ್ಬರು ಹಾಡು, ಪುಸ್ತಕ, ಫೋಟೋ ಕದ್ದವರ ಬೆನ್ನು ಹತ್ತುತ್ತಿದ್ದರು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ‘ಹಾಡಿನ ವಕೀಲರು.’

ತೀನ್ ಕಂದೀಲ್ ವೃತ್ತದ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ ಅವರ ಆಫೀಸು. ಕೆಳಗೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಷಿನ್ನಿನ ಕಿರ್ರೆನ್ನುವ ಸದ್ದು ದಿನವಿಡೀ ಮೇಲೆ ಬರುತ್ತಿತ್ತು. “ನೋಡ್ರಿ, ಒಂದು ಗಂಗಾಳ ಕೊಂಡ್ರೂ ಮಂದಿ ಹೆಸರು ಹಾಕಸ್ತಾರ. ಹಾಡಿಗೆ ಮಾತ್ರ ಯಾರಿಗೂ ನೆನಪಾಗಂಗಿಲ್ಲ” ಎನ್ನುತ್ತಿದ್ದರು.

ವಕೀಲಿಕೆಗೆ ಮುಂಚೆ ಅವರು ಕ್ಯಾಸೆಟ್ ಕಂಪನಿಯೊಂದರಲ್ಲಿದ್ದರು. ಡೂಪ್ಲಿಕೇಟ್ ಕ್ಯಾಸೆಟ್ ಮಾರುವ ಅಂಗಡಿ ಹುಡುಕುತ್ತ ಮಾನ್ವಿ, ದೇವದುರ್ಗ ತಿರುಗುವುದು ಕೆಲಸ. ಬಸ್‌ಸ್ಟ್ಯಾಂಡಿನ ಅಂಗಡಿಯವನೊಬ್ಬ ಸಿಕ್ಕಿಬಿದ್ದಾಗ, ಕ್ಯಾಸೆಟ್ಟಿನ ಹಿಂದೆ ಅಚ್ಚಾಗಿದ್ದ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದನಂತೆ: “ನೀವ ಬರದೀರಲ್ರೀ ಸಾಹೇಬ್ರ, ಕಾಪಿ ರೈಟ್ ಅಂತ. ಕಂಡಕ್ಟರ್ ರೈಟ್ ಅಂದ್ರ ಬಸ್ ಹೊಂಡ್ತದ. ನೀವು ರೈಟ್ ಅಂದ್ರಿ, ನಾ ಕಾಪಿ ಹೊಡದೆ.”

ಈ ಕಥೆ ಹೇಳಿ ವಕೀಲರು ನಗುತ್ತಿರಲಿಲ್ಲ. “ಅವತ್ತು ನಾ ನಕ್ಕಬಿಟ್ಟೆ. ನಾ ನಗೂದ್ರಾಗ ಅವನ ತಮ್ಮ ಹಿಂದಿನ ಬಾಗಲಿಂದ ಮಾಲು ಸಾಗಿಸಿದ. ಈಗ ಯಾರರ ನಗಸಿದ್ರ ನಾ ಮೊದಲ ಹಿಂದಿನ ಬಾಗಲ ನೋಡ್ತೀನಿ.”

ನಾನು ಅವರ ಬಳಿ ಹೋದದ್ದು ಅವ್ವನ ಜೋಗುಳಕ್ಕಾಗಿ. ನಾನು ರಾಯಚೂರಿನ ಸರ್ಕಾರಿ ಶಾಲೆಯಲ್ಲಿ ಟೀಚರು, ಅವ್ವ ಇರುವುದು ದೇವದುರ್ಗದಲ್ಲಿ. ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಹೊಲದ ಬದುವಿನ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ, ನನ್ನನ್ನು ಮಲಗಿಸಿ, ಕಳೆ ತೆಗೆಯುತ್ತ ಅವಳು ಕಟ್ಟಿದ ಪದ ಅದು:

ಬಿಸಿಲಿಗೊಂದ ಸೆರಗ ಕಟ್ಟೀನಿ, ಗಾಳಿಗೊಂದ ಹಗ್ಗ ಬಿಟ್ಟೀನಿ,
ಬಿಗ್ಗಿ ತುಂಬಿ ತರತೀನಿ, ಮಲಗ ನನ ಕೂಸ.

ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ ಅವ್ವನನ್ನು ಕರೆದು ಇದನ್ನು ಹಾಡಿಸುತ್ತಿದ್ದರು. ಮಾನ್ವಿಯ ನೆಂಟರ ಮನೆಯಲ್ಲಿ ಹಾಡಿದಾಗ ಯಾರೋ ಮೊಬೈಲಿನಲ್ಲಿ ಹಿಡಿದಿದ್ದಾರೆ. ಅದು ಅಲ್ಲಿನ ಗಾಯಕನೊಬ್ಬನ ಕೈಗೆ ಸಿಕ್ಕಿ, ಅವನು ಕೀಬೋರ್ಡು, ಡೋಲಕ್ಕು ಸೇರಿಸಿ, ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ತನ್ನದೇ ಹೆಸರು ಹಾಕಿ ತನ್ನ ವಿಡಿಯೋ ಚಾನಲ್ಲಿಗೆ ಏರಿಸಿದ. ಇದ್ಯಾವುದೂ ಗೊತ್ತಿಲ್ಲದ ನಾನು ಅವ್ವ ಹಾಡಿದ್ದನ್ನು ಏರಿಸಿದೆ. ಗಾಯಕ ದೂರು ಕೊಟ್ಟ. ನಮ್ಮ ವಿಡಿಯೋ ಮಾಯವಾಗಿ, ಹಾಡಿನ ಕಾಪಿರೈಟ್ ಬೇರೆಯವರದು ಎಂಬ ಸಂದೇಶ ಬಂತು.

“ನನ್ನ ಪದ ನಾ ಹಾಡಿದ್ರ ಕಳವು ಅಂತನ?” ಎಂದು ಕೇಳಿದ ಅವ್ವ ಅಂದಿನಿಂದ ಬಾಯಿ ಮುಚ್ಚಿದಳು. ಎದುರು ಮನೆಯವರು ಕೂಸಿಗೆ ಹೆಸರಿಡುವಾಗ ಕರೆದರೆ ಗಂಟಲು ಬಿದ್ದದ ಎಂದಳು. ಗಂಟಲಿಗೆ ಏನೂ ಆಗಿರಲಿಲ್ಲ. ಪೊಲೀಸರು ಬಂದಾರು ಎಂಬ ಅಂಜಿಕೆ. ನನಗೆ ಬೇಕಾದದ್ದು ಒಂದೇ, ಆ ಹಾಡು ಅವಳ ಬಾಯಿಗೆ ಮರಳಬೇಕು.

ಇದನ್ನೆಲ್ಲ ಹೇಳುವಾಗ ನನಗೆ ಅಳು ಬಂತು. ವಕೀಲರು ಕಿವಿಯ ಕೂದಲು ತಿರುವುತ್ತಲೇ ಇದ್ದರು.

“ಟೀಚರ್, ನನ್ನ ಮುಂದ ಅಳಬ್ಯಾಡ್ರಿ. ಕದ್ದಾವ್ರೂ ಹಿಂಗ ಅಳ್ತಾರ. ನಿಮ್ಮವ್ವ ಇದನ್ನ ಯಾರ ಹಂತ್ಯಾಕಿಂದ ಕದ್ದಾಳ, ಅದನ್ನ ಹೇಳ್ರಿ.”

ನನಗೆ ಮೈ ಉರಿಯಿತು. ಎದ್ದು ನಿಂತೆ.

“ಸಿಟ್ಟು ಬಂತಲ್ಲ? ಕುಂದರ್ರಿ. ನಾಳೆ ಆ ಗಾಯಕ ಇದನ್ನ ಕೇಳಾಂವ. ಅವನಕಿಂತ ಮೊದಲ ನಾ ಕೇಳಾಕತ್ತೀನಿ, ಅಷ್ಟ.”

ಮುಂದಿನ ಭಾನುವಾರ ಬಸ್ಸು ಹತ್ತಿ ತಾವೇ ದೇವದುರ್ಗಕ್ಕೆ ಬಂದರು. ಕಟ್ಟೆಯ ಮೇಲೆ ಕೂತು, ಅವ್ವ ತಂದ ಚಹಾವನ್ನು ಬದಿಗೆ ಸರಿಸಿದರು. ಕಕ್ಷಿಗಾರರ ಮನೆಯ ಚಹಾ ಕುಡಿದರೆ ಅವರ ಮೇಲೆ ನಂಬಿಕೆ ಬಂದುಬಿಡುತ್ತದೆ ಎಂಬುದು ಅವರ ಲೆಕ್ಕ.

“ಯಾಕ್ರೀ ಯಪ್ಪಾ, ಇಸ ಹಾಕೀನೇನು ಅದರಾಗ?” ಎಂದಳು ಅವ್ವ.

“ಸಕ್ಕರಿ ಹಾಕೀರಿ ಯವ್ವಾ. ಅದಕ್ಕ ಅಂಜಿಕಿ ನನಗ.”

ಹಾಡಲು ಅವ್ವ ಒಪ್ಪಲಿಲ್ಲ. ಬಾಯಿಮಾತಿನಲ್ಲಿ ಪದ ಹೇಳಿಸಿ, ಒಂದೊಂದು ಶಬ್ದಕ್ಕೂ ವಕೀಲರು ಅರ್ಥ ಕೇಳಿದರು. ‘ಬಿಗ್ಗಿ’ಗೆ ಬಂದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಅದು ಈಕಿ ಮಾತ್ರೀ. ಸಣ್ಣಾಕಿದ್ದಾಗ ತಂಬಿಗಿ ಅನ್ನಾಕ ಬರ್ತಿದ್ದಿಲ್ಲ. ನೀರಡಿಕಿ ಆದ್ರ ಬಿಗ್ಗಿ, ಬಿಗ್ಗಿ ಅಂತ ಅಳಾಕಿ.”

ಇದು ನನಗೂ ಗೊತ್ತಿರಲಿಲ್ಲ. ಅದು ಯಾವುದೋ ಹಳೆಯ ಶಬ್ದ ಎಂದುಕೊಂಡಿದ್ದೆ. ನನ್ನ ಕಣ್ಣು ತುಂಬಿದವು. ವಕೀಲರು ಮಾತ್ರ ನನ್ನನ್ನೂ ಅವ್ವನನ್ನೂ ಅನುಮಾನದಿಂದ ನೋಡಿ, “ನಿನ್ನಿ ರಾತ್ರಿ ಕುಂತು ಇಬ್ರೂ ಹೊಂದಿಸೀರೇನು?” ಎಂದರು. ಅವ್ವನ ಮೋರೆ ಬಿತ್ತು. ಅವರು ಚಪ್ಪಲಿ ಮೆಟ್ಟಿ, ನಮ್ಮನ್ನು ಅಲ್ಲೇ ಕೂಡಿಸಿ, ಓಣಿಯೊಳಗೆ ಹೋದರು.

ಅವ್ವನ ಜೊತೆ ಕಳೆಗೆ ಹೋಗುತ್ತಿದ್ದ ಮುದುಕಿಯೊಬ್ಬಳು ಓಣಿಯ ತುದಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಿಗ್ಗಿ ಅಂದರೇನು ಎಂದು ವಕೀಲರು ಕೇಳಿದ್ದಾರೆ. ಕಿವಿ ಮಂದವಾದ ಆಕೆಯ ಉತ್ತರ ಇಡೀ ಓಣಿಗೆ ಕೇಳಿಸಿತು: “ಬಿಗ್ಗಿನಾ? ರಾಯಚೂರಾಗ ಟೀಚರ್ ಆಗ್ಯಾಳಲ್ಲೋ ಯಪ್ಪಾ! ತಂಬಿಗಿ ಕಂಡ್ರ ಬಿಡ್ತಿದ್ದಿಲ್ಲ, ಅದಕ್ಕ ಎಲ್ಲಾರೂ ಬಿಗ್ಗಿ ಅಂತಿದ್ವಿ. ಯಾಕ, ಏನ್ ಮಾಡ್ಯಾಳ ಬಿಗ್ಗಿ?”

ವಕೀಲರು ಮರಳಿ ಬಂದು, “ಆತು” ಎಂದರು. ಅಷ್ಟೇ. ಚಹಾ ಆಗಲೂ ಕುಡಿಯಲಿಲ್ಲ.

ಗಾಯಕನನ್ನು ಆಫೀಸಿಗೆ ಕರೆಸಿದ ದಿನ ನಾನೂ ಇದ್ದೆ. ಗರಿಗರಿ ಬಿಳಿ ಅಂಗಿ, ಕೈಗೆ ಕಡಗ. ವಕೀಲರು ಬಹಳ ಮರ್ಯಾದೆಯಿಂದ ಕೂಡಿಸಿ, ಹಾಡನ್ನು ಹೊಗಳಿ, “ಒಂದು ತಿಳೀಲಿಲ್ಲ ನೋಡ್ರಿ. ಬಿಗ್ಗಿ ಅಂದ್ರ ಏನು?” ಎಂದರು.

ಅವನು ಗಂಟಲು ಸರಿ ಮಾಡಿಕೊಂಡ. “ಅದು ಭಾಳ ಆಳದ ಶಬ್ದ ರೀ. ಬಿಗ್ಗಿ ಅಂದ್ರ ಜ್ಞಾನ. ತಾಯಿ ಕೂಸಿಗೆ ಜ್ಞಾನ ತುಂಬಿ ತರ್ತೀನಿ ಅಂತಾಳ.”

“ವಿಡಿಯೋದಾಗ ಆ ಸಾಲಿಗೆ ಹುಡುಗಿ ಕಾಲ್ಗೆಜ್ಜಿ ತೋರ್ಸೀರಲ್ಲ?”

“ಅದು ಡೈರೆಕ್ಟರ್‌ದು ತಪ್ಪು ರೀ.”

“ಡೈರೆಕ್ಟರ್ ಹೆಸರೂ ನಿಮ್ದ ಅದ.”

ಕೆಳಗೆ ಮಷಿನ್ನು ಕಿರ್ರೆನ್ನುತ್ತಿತ್ತು. ವಕೀಲರು ನನ್ನ ಕಡೆ ಕೈ ತೋರಿ, “ಇವರ ನೋಡ್ರಿ ಆ ಜ್ಞಾನ. ನೀರು ಕುಡಿಯಾಕ ಬಂದಾರ” ಎಂದರು. ಬಿಗ್ಗಿ ಎಂದರೆ ನನ್ನ ತೊದಲು ಬಾಯಿಯ ತಂಬಿಗೆ, ಅದಕ್ಕೆ ಓಣಿಯೇ ಸಾಕ್ಷಿ ಎಂದು ಅವರು ಬಿಡಿಸಿ ಹೇಳಿದ ಮೇಲೆ ಗಾಯಕ ಅಲ್ಲಿಯೇ ದೂರು ಹಿಂಪಡೆಯಲು ಒಪ್ಪಿದ. ತನ್ನ ವಿಡಿಯೋಗೂ ಪದ ಕಟ್ಟಿದವಳೆಂದು ಅವ್ವನ ಹೆಸರು ಹಾಕಿದ.

ಗೆದ್ದ ಹುರುಪಿನಲ್ಲಿ ನಾನು, “ರಾಗಕ್ಕೂ ಅವ್ವನ ಹೆಸರ ಹಾಕಸ್ರಿ” ಎಂದೆ. ವಕೀಲರು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಧಾಟಿ ನಿಮ್ಮವ್ವಂದಲ್ಲ. ಬೀಸೋ ಕಲ್ಲಿನ ಮುಂದ ಅವರತ್ತಿ ಹಾಡತಿದ್ಲಂತ, ಆಕಿಗೂ ಯಾರೋ ಕಲಸಿದ್ರಂತ. ನಿಮ್ಮವ್ವನೇ ಅವತ್ತ ಹೇಳ್ಯಾರ. ಅದು ಊರಿಂದು. ಅದಕ್ಕ ಕೈ ಹಚ್ಚಿದ್ರ ನಾ ಅವನ ವಕೀಲ ಆಗ್ತೀನಿ.” ಅಂದಿನಿಂದ ಶಾಲೆಯ ಗೋಡೆಗೆ ಒಂದು ಚಿತ್ರ ಅಂಟಿಸುವಾಗಲೂ ಇದು ಯಾರದು ಎಂದು ಕೇಳದೆ ನನ್ನ ಕೈ ಮುಂದೆ ಹೋಗುವುದಿಲ್ಲ.

ನಮ್ಮ ವಿಡಿಯೋ ಮರಳಿತು. ಅವ್ವನ ದನಿ ಮರಳಲಿಲ್ಲ. ಹಾಡು ಎಂದರೆ ಅವಳ ಕಣ್ಣು ಸುತ್ತಲಿನ ಮೊಬೈಲುಗಳ ಮೇಲೆ ಹೋಗುತ್ತಿತ್ತು. ವಕೀಲರ ಅನುಮಾನವೆಲ್ಲ ಈಗ ಅವಳಿಗೆ ಹತ್ತಿತ್ತು.

ಕಳೆದ ವರ್ಷ ವಕೀಲರಿಗೆ ಜಡ್ಡಾಯಿತು. ಅವ್ವನೇ ಹಟ ಹಿಡಿದು ನೋಡಲು ಬಂದಳು. ಮಂಚದ ಮೇಲೆ ಅವರು ತೀರಾ ಸಣ್ಣಗೆ ಕಾಣುತ್ತಿದ್ದರು. ರಾತ್ರಿಯೆಲ್ಲ ಕಣ್ಣು ಮುಚ್ಚುವುದೇ ಇಲ್ಲ, ಬಾಗಿಲು ನೋಡುತ್ತ ಬಿದ್ದಿರುತ್ತಾರೆ ಎಂದು ಅವರ ಹೆಂಡತಿ ಹೇಳಿದರು. ಅವ್ವ ಯಾರೂ ಕೇಳದೆಯೇ, ಮಂಚದ ಅಂಚಿಗೆ ಕೂತು, ಸಣ್ಣ ದನಿಯಲ್ಲಿ ಶುರು ಮಾಡಿದಳು. ಬಿಸಿಲಿಗೆ ಸೆರಗು ಕಟ್ಟಿದಳು, ಗಾಳಿಗೆ ಹಗ್ಗ ಬಿಟ್ಟಳು, ಬಿಗ್ಗಿ ತುಂಬಿ ತಂದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸಲಿಲ್ಲ.

ಕದ ತೆರದಿದ್ರೂ ಇವತ್ತ ಕಳ್ಳ ಬರಂಗಿಲ್ಲ,
ನಾ ಇಲ್ಲೇ ಕುಂತೀನಿ, ಮಲಗ ನನ ಕೂಸ.

ವಕೀಲರು ಅರ್ಧ ಮುಚ್ಚಿದ್ದ ಕಣ್ಣು ತೆರೆದರು. “ಈ ಸಾಲು ಅವತ್ತ ಇದ್ದಿಲ್ಲ. ಯಾರದಿದು?”

“ಈಗ ಕಟ್ಟೀನಿ ಯಪ್ಪಾ.”

ಅವರು ಅವ್ವನ ಮುಖವನ್ನೇ ನೋಡಿದರು. ನಾನು ಮುಂದಿನ ಪ್ರಶ್ನೆಗೆ ಕಾದೆ.

“ಹಂಗಾದ್ರ ನಿಮ್ದ” ಎಂದು ಕಣ್ಣು ಮುಚ್ಚಿಕೊಂಡರು. ಸಾಕ್ಷಿ ಕೇಳಲಿಲ್ಲ.

ಅದೇ ವಾರ ತೀರಿಕೊಂಡರು. ಅವ್ವ ಈಗ ಕರೆದ ಮನೆಗೆಲ್ಲ ಹೋಗಿ ಹಾಡುತ್ತಾಳೆ, ಆ ಸಾಲನ್ನೂ ಸೇರಿಸಿ.