ಸೊಪ್ಪು ತಿನ್ನುವ ಮೀನಿಗೆ ಚಾಕು ಯಾಕೆ

ನಮ್ಮ ಅತ್ತೆ ನಂಬದವರಲ್ಲಿ ಮೊದಲನೆಯವಳು ನಾನು, ಎರಡನೆಯದು ಆ ಮೀನು.

ಸಂಡೂರು ರಸ್ತೆ ತುಂಬ ಅದಿರಿನ ಲಾರಿಗಳೇ ಇದ್ದ ಕಾಲ. ನಮ್ಮವರದೂ ನಾಲ್ಕು ಓಡುತ್ತಿದ್ದವು. ಹೊಸಪೇಟೆಯಲ್ಲಿ ಹೊಸ ಮನೆ ಕಟ್ಟಿದವರೆಲ್ಲ ಪಡಸಾಲೆಗೆ ಏನಾದರೊಂದು ಬೆರಗು ತರುತ್ತಿದ್ದರು. ನಮ್ಮವರು ಗಾಜಿನ ತೊಟ್ಟಿ, ಸಮುದ್ರದ ಮೀನು, ನೀರಿಗೆ ಬೆರೆಸುವ ಉಪ್ಪು ಎಲ್ಲವನ್ನೂ ಚೆನ್ನೈನಿಂದ ತರಿಸಿದರು. ತೋರಿಸಿಕೊಳ್ಳುವುದು ಅವರ ಪಾಲಿಗೆ, ನೋಡಿಕೊಳ್ಳುವುದು ನನ್ನ ಪಾಲಿಗೆ. ನನಗೇನೂ ಬೇಸರವಿರಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು ಮದುವೆಗೆಂದು ಅದನ್ನು ಬಿಟ್ಟು ಬಂದಿದ್ದೆ. ಅಷ್ಟೆಲ್ಲ ಓದಿದ್ದರಲ್ಲಿ ನನಗೆ ಉಳಿದದ್ದು ಆ ಒಂದು ಮೀನು.

ಅದು ಸರ್ಜನ್ ಮೀನು. ತಟ್ಟೆಯಂತೆ ಚಪ್ಪಟೆ. ಮೈ ತಿಳಿನೀಲಿ, ಮುಖ ಕಪ್ಪು, ಗಂಟಲ ಕೆಳಗೆ ಬಿಳಿ ಪಟ್ಟಿ, ಬೆನ್ನ ಮೇಲೆ ಹಳದಿ ರೆಕ್ಕೆ. ಬಾಲದ ಬುಡದಲ್ಲಿ ಎರಡೂ ಬದಿಗೆ ಒಂದೊಂದು ಮಡಚಿಟ್ಟ ಮುಳ್ಳು, ಡಾಕ್ಟರ ಚಾಕುವಿನಷ್ಟು ಹರಿತ. ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ, ಬಿಸಿಲು ತಳ ಮುಟ್ಟುವ ಕಡೆ, ಕಲ್ಲಿನ ಮೇಲಿನ ಪಾಚಿ ಮೇಯುತ್ತ ಬದುಕುತ್ತದೆ. ತನ್ನ ಮೇವಿನ ಜಾಗಕ್ಕೆ ಯಾರು ಬಂದರೂ ಅದಕ್ಕೆ ಸಂಶಯ. ಗಾಜಿನಲ್ಲಿ ಕಂಡ ತನ್ನ ಬಿಂಬದ ಮೇಲೂ ಏರಿ ಹೋಗುತ್ತಿತ್ತು.

ಅತ್ತೆ ಲಿಂಗಪೂಜೆ ಮುಗಿಸಿ ನೇರ ತೊಟ್ಟಿಯ ಮುಂದೆ ಬಂದು ಕೂರುತ್ತಿದ್ದರು.

“ಇದು ಏನು ತಿಂತೈತಿ?”

“ಪಾಚಿ, ಸೊಪ್ಪು, ಅಷ್ಟ ರೀ ಅತ್ತಿ. ನಮ್ಮಂಗ.”

“ಸೊಪ್ಪು ತಿನ್ನೋದಕ್ಕ ಚಾಕು ಯಾಕವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ, “ಹುಳಾ ಹುಪ್ಪಡಿ ತಿನ್ನೋದು ಕಂಡ್ರ ಅವತ್ತ ಹೊರಗ. ಪೂಜಿ ಮಾಡೋ ಮನಿ ಇದು” ಎಂದರು.

ಹೊಲಿಗೆ ಯಂತ್ರದ ಡ್ರಾದಲ್ಲಿ ಒಣ ಸೀಗಡಿ ಪುಡಿಯ ಡಬ್ಬಿ ಬಚ್ಚಿಟ್ಟಿದ್ದೆನಲ್ಲ! ಬರೀ ಸೊಪ್ಪು ಹಾಕಿದರೆ ಸಾಯುತ್ತದೆ ಎಂದು ಮೀನು ಮಾರಿದವನು ಹೆದರಿಸಿದ್ದ. ನಾನು ಓದಿದ್ದು ಬೇರೆಯೇ ಇತ್ತು, ಆದರೂ ಅವನ ಮಾತು ಕೇಳಿದೆ. ಅತ್ತೆ ಪೂಜೆಗೆ ಕುಳಿತಾಗ ಒಂದು ಚಿಟಿಕೆ ಪುಡಿ ಉದುರಿಸಿ ಕೈ ತೊಳೆಯುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಶ್ರಾವಣದ ಹೊತ್ತಿಗೆ ಮೀನು ನನ್ನ ಪುಡಿ ಮುಟ್ಟದಾಯಿತು. ನೀರಿನ ಮೇಲೆ ತೆಳುವಾಗಿ ಬೂದಿಯಂಥದ್ದೇನೋ ತೇಲುತ್ತಿತ್ತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮೀನಿನ ನೀಲಿ ಮಾಸಿ, ಅದು ಕಲ್ಲಿನ ಸಂದಿಗೆ ಸೇರಿಕೊಂಡಿತ್ತು. ಮಲಗುವ ಮುಂಚೆ ಇವುಗಳ ಬಣ್ಣ ಮಾಸುತ್ತದೆ ಎಂದು ನನಗೇನು ಗೊತ್ತಿರಲಿಲ್ಲವೇ? ಆದರೂ ಮುದುಕಿ ವಿಷ ಹಾಕಿದ್ದಾಳೆ ಎಂದೇ ತೀರ್ಮಾನಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಮಾಳಿಗೆಗೆ ಹೋದಂತೆ ಮಾಡಿ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಪೂಜೆಯ ನಡುವೆಯೇ ಎದ್ದು ಬಂದರು. ಅತ್ತಿತ್ತ ನೋಡಿದರು, ಮುಚ್ಚಳ ಸರಿಸಿದರು, ನೀರಿಗೆ ಕೈ ಹಾಕಿದರು. ನಾನು ಹಾರಿ ಬಂದೆ.

“ಏನ್ ಹಾಕಾಕತ್ತೀರಿ ಅತ್ತಿ? ಮೂಕ ಜೀವ ಕೊಲ್ಲಾಕ ಮನಸ್ಸು ಹೆಂಗ ಬಂತು ನಿಮಗ?”

ಅವರು ಬೆಚ್ಚಿದರು. ಮೀನು ಬಾಲ ಒದರಿತು. ನೀರಿನಲ್ಲಿ ರಕ್ತದ ಎಳೆ ಕಂಡಿತು. ಅತ್ತೆ ಹೊರಗೆ ತೆಗೆದ ಕೈಯಲ್ಲಿ ಇದ್ದದ್ದು ಒಂದು ಪಾಲಕ್ ಎಲೆ. ಮುಂಗೈ ಮೇಲೆ ಅರ್ಧ ತೊಳೆದುಹೋದ ವಿಭೂತಿ. ಬೆರಳುಗಳಲ್ಲಿ ಅರಿಶಿನ ಮೆತ್ತಿದ ಎರಡು ಹಳೆಯ ಗಾಯ.

“ಒದರಬ್ಯಾಡ. ನನ್ನ ಕೈ ಕೊಯ್ದೈತಿ ಅಂತ ನಿನ್ನ ಗಂಡಗ ಗೊತ್ತಾದ್ರ, ಇವತ್ತ ಹೊರಗ ಹಾಕಸ್ತಾನ.”

ಸೆರಗಿನಿಂದ ಬೆರಳು ಸುತ್ತಿಕೊಂಡರು. “ಅದರದೇನೂ ತಪ್ಪಿಲ್ಲ. ಉಣ್ಣೋ ಜಾಗಕ್ಕ ಕೈ ಹಾಕಿದ್ರ ಯಾರು ಬಿಡ್ತಾರ?”

ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಡಬ್ಬಿಯ ವಿಷಯ ಹೇಳಿಬಿಡೋಣ ಎಂದು, “ಅತ್ತಿ, ಆ ಹೊಲಿಗಿ ಮಷೀನಿನ್ಯಾಗ…” ಎಂದೆ.

“ಗೊತ್ತೈತಿ ಬಿಡು. ವಾಸನಿ ಮುಚ್ಚಿಡಾಕ ಬರ್ತೈತೇನು?”

“ಮತ್ತ ಯಾಕ ಸುಮ್ಮನಿದ್ರಿ?”

“ನೀ ಅಂದಿದ್ದು ಖರೇ ಇದ್ದೀತು ಅಂತ ಸೊಪ್ಪು ಹಾಕಿ ನೋಡಿದೆ. ತಿಂತು. ಹದಿನೈದು ದಿನದಿಂದ ಬರೇ ಸೊಪ್ಪ ತಿನ್ನಾಕತ್ತೈತಿ.” ಒದ್ದೆ ಎಲೆಯನ್ನು ನನ್ನ ಕೈಗಿಟ್ಟರು. “ನಿನ್ನ ಓದು ನಾ ನಂಬಿದೆ. ನೀನ ನಂಬಲಿಲ್ಲ ನೋಡು.”